ಹಾಡು ಕಟ್ಟಿದವರ ಹೆಸರೂ ಕೇಳಲಿ

ಕಬ್ಬಿನ ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತದೆ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಅವರ ‘ನಾ ಡ್ರೈವರ’ ಹಾಡು ಇಂಥ ದಾರಿಗಳಿಂದ ನಾಡಿನ ಮೊಬೈಲುಗಳಿಗೆಲ್ಲ ಹಬ್ಬಿತು. ಇದನ್ನು ಹುಡುಗರ ಗದ್ದಲವೆಂದು ತಳ್ಳಿಹಾಕುವುದು ತಪ್ಪು. ಇದು ಗೀತರಚನೆ, ಇದೊಂದು ಉದ್ಯಮ. ಹಾಡು ಉದ್ಯಮವಾಗುವ ಬಗೆಗೆ ಅಮೆರಿಕದ ಒಂದು ಉದಾಹರಣೆ ನೋಡಿ. ಡೆಟ್ರಾಯ್ಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ ಮೊದಲು ಹಾಡು ಬರೆದರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಧ್ವನಿಮುದ್ರಣ ಕಂಪನಿ ತೆರೆದರು. ಅದೇ ಮುಂದೆ ಸೋಲ್ ಸಂಗೀತಕ್ಕೆ ಹೆಸರಾದ ಮೋಟೌನ್ ಕಂಪನಿಯಾಯಿತು. ಹಾಡುಗಳ ಹಕ್ಕು ನೋಡಿಕೊಳ್ಳಲು ಬೇರೆಯದೇ ಸಂಸ್ಥೆಯನ್ನೂ ಕಟ್ಟಿದರು. ನನ್ನ ಮಟ್ಟಿಗೆ ಅವರ ಜಾಣತನ ಇರುವುದು ಇಲ್ಲೇ.

ನಮ್ಮ ಈ ಟ್ರ್ಯಾಕ್ಟರ್ ಹಾಡುಗಳು ಅಸಲಿ ಜಾನಪದವಲ್ಲ ಎಂಬ ಆಕ್ಷೇಪವಿದೆ. ಆದರೆ ನಮ್ಮ ಗೀಗೀ ಪದ, ಡೊಳ್ಳಿನ ಪದಗಳ ಕಡೆಯ ನುಡಿಯಲ್ಲಿ ಕವಿ ತನ್ನ ಹೆಸರು, ಊರು ಸೇರಿಸುವ ರೂಢಿ ಹಳೆಯದು. ಕರ್ತೃವೇ ಇಲ್ಲದ ಜಾನಪದವೆಂಬುದು ಹೊರಗಿನವರ ಕಲ್ಪನೆ. ಕೆಲವು ಹಾಡುಗಳು ಹೆಣ್ಣನ್ನು ಹಗುರವಾಗಿ ಕಾಣುತ್ತವೆ ಎಂಬ ದೂರು ನಿಜ, ಅದನ್ನು ಒಪ್ಪುತ್ತೇನೆ. ಬರೆದವರ ಹೆಸರು ಎದುರಿಗಿದ್ದರೆ ಆ ಮಾತನ್ನು ನೇರ ಅವರಿಗೇ ಕೇಳಬಹುದು. ಹೆಸರಿನ ಜೊತೆಗೆ ಹಣದ ಮಾತೂ ಇದೆ: 2012ರ ತಿದ್ದುಪಡಿಯ ಬಳಿಕ ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ಕಾಯ್ದಿಟ್ಟಿದೆ. ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ಸ್ಟುಡಿಯೊಗಳಲ್ಲಿ ಮೈಕಿನ ಮುಂದೆ ನಿಲ್ಲುವ ಮೊದಲು ಬರೆದವರ ಹೆಸರೂ ಪಾಲೂ ಕಾಗದದ ಮೇಲೆ ಬರಲಿ.