ಏಳು ವರ್ಷದ ಮಗು, ಆರು ಗಂಟೆಯ ನೀರು

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆಯನ್ನು ಈಜು ಕಲಿಸುವವರು ಬಳಸಿದಷ್ಟು ಬೇರೆ ಯಾರೂ ಬಳಸಲಿಕ್ಕಿಲ್ಲ. ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ತೆರೆದ ಈಜುಕೊಳಗಳಲ್ಲಿ ತರಬೇತಿ ಮತ್ತೆ ಶುರುವಾಗುತ್ತದೆ. ಸಮಯ ಬೆಳಿಗ್ಗೆ ಆರು ಗಂಟೆ. ಅದೇ ಹೊತ್ತಿಗೆ ನಮ್ಮ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಗಟ್ಟಿ ಆಳುಗಳು ಮಂಕಿ ಟೋಪಿ ಹಾಕಿಕೊಂಡು ಟೀ ಗ್ಲಾಸಿನಲ್ಲಿ ಅಂಗೈ ಕಾಯಿಸಿಕೊಳ್ಳುತ್ತಿರುತ್ತಾರೆ. ಏಳೆಂಟು ವರ್ಷದ ಮಕ್ಕಳು ಮಾತ್ರ ಬರೀ ಚಡ್ಡಿಯಲ್ಲಿ ಕೊಳದ ಅಂಚಿಗೆ ಸಾಲಾಗಿ ನಿಂತು, ಕೈ ಮುದುರಿಕೊಂಡು, ಸೀಟಿಗಾಗಿ ಕಾಯಬೇಕು. ಅಳುವ ಮಗುವಿಗೆ ಗಾದೆ. ಇನ್ನೂ ಅತ್ತರೆ ಬೆನ್ನಿಗೊಂದು ನೂಕು. ಈ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುವ ಅಣ್ಣ, ಅಕ್ಕಂದಿರಲ್ಲಿ ನಮ್ಮ ಕಾಲೇಜಿನವರೂ ಇರುವುದರಿಂದ ಈ ಮಾತನ್ನು ಇಲ್ಲಿ ಎತ್ತುತ್ತಿದ್ದೇನೆ.

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಸಂಕೋಚ ಬಿಡು ಎನ್ನಲು ನಾವು ‘ಮೈಚಳಿ ಬಿಡು’ ಅನ್ನುತ್ತೇವೆ. ಹಾಗಾಗಿ ಚಳಿಯೆಂದು ನಡುಗುವ ಮಗು ನಮಗೆ ಅಂಜುಬುರುಕನಾಗಿ ಕಾಣುತ್ತದೆ. ಎರಡೂ ಬೇರೆ. ಅಂಜಿಕೆಗೆ ಧೈರ್ಯ ಹೇಳಬಹುದು, ತಣ್ಣೀರಿಗೆ ಮೈ ಕೊಡುವ ಉತ್ತರ ನಮ್ಮ ಮಾತು ಕೇಳುವುದಿಲ್ಲ.

ಚರ್ಮ ಇದ್ದಕ್ಕಿದ್ದಂತೆ ತಣ್ಣಗಾದರೆ ಮೊದಲು ಆಗುವುದು ಒಂದು ದೊಡ್ಡ ಏದುಸಿರು. ಆಮೇಲೆ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಇದು ಇಚ್ಛೆಗೆ ಒಳಪಟ್ಟ ಕ್ರಿಯೆಯಲ್ಲ; ಜೀವಶಾಸ್ತ್ರದ ಪಾಠದಲ್ಲಿ ಪ್ರತಿವರ್ತನೆ ಎಂದು ಓದಿದ್ದೇವಲ್ಲ, ಅದೇ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ದಶಕಗಳಿಂದ ಇದನ್ನೇ ಅಧ್ಯಯನ ಮಾಡುತ್ತಾ ಬಂದವರು. ನೀರು ಮಂಜುಗಡ್ಡೆಯಂತೆ ಇರಬೇಕೆಂದೇನಿಲ್ಲ, 25 ಡಿಗ್ರಿಗಿಂತ ಕೆಳಗಿಳಿದರೆ ಈ ಪ್ರತಿವರ್ತನೆ ತಲೆ ಎತ್ತಲು ಶುರುಮಾಡುತ್ತದೆ, 10ರಿಂದ 15 ಡಿಗ್ರಿಯ ನೀರಿನಲ್ಲಿ ಅತಿ ಜೋರಾಗಿರುತ್ತದೆ. ನಮ್ಮ ನೀರು ಅಷ್ಟು ಕೊರೆಯುವುದಿಲ್ಲ ನಿಜ. ಆದರೆ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಫೆಬ್ರವರಿಯ ಆಕಾಶದಲ್ಲಿ ಮೋಡವಿಲ್ಲ, ಇಡೀ ರಾತ್ರಿ ಕೊಳ ತನ್ನ ಬಿಸಿಯನ್ನು ಮೇಲಕ್ಕೆ ಕಳೆದುಕೊಳ್ಳುತ್ತಲೇ ಇರುತ್ತದೆ. ಮಂಗಳೂರಿನ ಮಗುವಿಗೆ ಇಲ್ಲದ ಕಷ್ಟ ಇದು. ಆ ಏದುಸಿರಿನ ಕ್ಷಣದಲ್ಲಿ ಮಗುವಿನ ಬಾಯಿ ನೀರಿನೊಳಗಿದ್ದರೆ ಏನಾಗುತ್ತದೆಂದು ಯೋಚಿಸಿದರೆ, ನೂಕುವುದು ಯಾಕೆ ತಪ್ಪೆಂದು ಬೇರೆ ವಿವರಣೆ ಬೇಡ.

ಇಷ್ಟಕ್ಕೂ ಇದು ಯಾಕೆ ಮುಖ್ಯ? ಚಳಿಗೆ ಹೆದರಿ ಮೊದಲ ವಾರದಲ್ಲೇ ಶಿಬಿರ ಬಿಟ್ಟ ಮಗು ಈಜು ಕಲಿಯುವುದಿಲ್ಲ. ಅದೇ ಮಗು ಮೇ ತಿಂಗಳ ರಜೆಯಲ್ಲಿ ಗುಬ್ಬಿಯ ಅಜ್ಜಿ ಮನೆಗೋ ಕುಣಿಗಲ್ಲಿನ ಚಿಕ್ಕಪ್ಪನ ತೋಟಕ್ಕೋ ಹೋಗುತ್ತದೆ. ಅಲ್ಲಿ ಹೇಮಾವತಿ ನಾಲೆ ಇದೆ, ಕೆರೆ ಇದೆ, ಹೂಳೆತ್ತಿ ಬಿಟ್ಟ ಗುಂಡಿಗಳಿವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲೂ ಕೃಷಿಹೊಂಡ ಕಾಣುತ್ತೇವೆ. ಅದರ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ದೊಡ್ಡವರೇ ಹತ್ತಿ ಬರಲಾರರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಬೇಸಿಗೆ ಬಂತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳ ಒಳಪುಟದಲ್ಲಿ ಇಂಥ ಸುದ್ದಿ ತಪ್ಪುವುದಿಲ್ಲ. ಹಾಗಾಗಿ ಶಿಬಿರದ ಮೊದಲ ವಾರ ಹೇಗೆ ಕಳೆಯುತ್ತದೆ ಎಂಬುದನ್ನು ಸಣ್ಣ ವಿಷಯವೆಂದು ನಾನು ಒಪ್ಪುವುದಿಲ್ಲ.

ಮಗು ದೊಡ್ಡವರ ಚಿಕ್ಕ ಪ್ರತಿಯಲ್ಲ. 20 ಕಿಲೋ ತೂಕದ ಮಗುವಿಗೂ 70 ಕಿಲೋ ತೂಕದ ತರಬೇತುದಾರರಿಗೂ ಹೋಲಿಸಿದರೆ, ಒಂದೊಂದು ಕಿಲೋ ದೇಹಕ್ಕೆ ಮಗುವಿನ ಚರ್ಮ ಸುಮಾರು ಒಂದೂವರೆ ಪಟ್ಟು ಹೆಚ್ಚು. ಬಿಸಿ ಸೋರುವ ಬಾಗಿಲು ಅಷ್ಟು ಅಗಲ. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ಅದರಲ್ಲೂ ತೆಳ್ಳಗಿನ ಮಗುವಿಗೆ ಚರ್ಮದ ಕೆಳಗೆ ಕೊಬ್ಬಿನ ಹೊದಿಕೆಯೂ ಇಲ್ಲ. ಆದ್ದರಿಂದ ಒಂದೇ ಕೊಳದಲ್ಲಿ ಗುಂಡುಗುಂಡಾದ ಹುಡುಗ ನಗುತ್ತಾ ಆಡುತ್ತಿರುವಾಗ ಪಕ್ಕದ ಕಡ್ಡಿ ಮೈಯ ಹುಡುಗಿಯ ತುಟಿ ನೀಲಿಯಾಗುವುದು ನಾಟಕವಲ್ಲ. ‘ಅವನಿಗಿಲ್ಲದ ಚಳಿ ನಿನಗೇನೇ?’ ಎಂದು ಕೇಳುವವರು ಈ ಲೆಕ್ಕ ಮಾಡಿಲ್ಲ. ಬೆಚ್ಚಗಿನ ಸ್ವೆಟರ್ ಹಾಕಿ ದಡದಲ್ಲಿ ನಿಂತವರಿಗೆ ಆ ಲೆಕ್ಕ ಹೊಳೆಯುವುದೂ ಕಷ್ಟ.

ಒಳ್ಳೆಯ ಸುದ್ದಿಯೆಂದರೆ ಮೈ ಬೇಗ ಕಲಿಯುತ್ತದೆ. ಮೂರು ಮೂರು ನಿಮಿಷದಂತೆ ಐದಾರು ಸಲ, ತಲೆ ಮುಳುಗಿಸದೆ, ತಣ್ಣೀರಿಗಿಳಿದು ಬಂದರೆ ಸಾಕು, ಆ ಮೊದಲ ಏದುಸಿರಿನ ಆರ್ಭಟ ಅರ್ಧಕ್ಕಿಳಿಯುತ್ತದೆ ಎಂದು ಟಿಪ್ಟನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅಂದರೆ ಮೊದಲ ವಾರವನ್ನು ಈಜಿಗಾಗಿ ಅಲ್ಲ, ನೀರಿನ ಪರಿಚಯಕ್ಕಾಗಿ ಇಟ್ಟುಕೊಳ್ಳಬಹುದು. ಮೊದಲ ದಿನ ಐದು ನಿಮಿಷ, ಆಮೇಲೆ ಹತ್ತು, ವಾರದ ಕೊನೆಗೆ ಹದಿನೈದು. ನೀರಿಗಿಳಿಯುವ ಮುನ್ನ ದಡದಲ್ಲಿ ಓಟವೋ ಹಗ್ಗದಾಟವೋ ಆಡಿ ಮೈ ಬಿಸಿ ಮಾಡಿಕೊಳ್ಳಲಿ. ಇಳಿಯುವಾಗ ಉಸಿರನ್ನು ಹೊರಗೆ ಊದುತ್ತಾ ಇಳಿಯಲಿ. ಮೇಣದಬತ್ತಿ ಊದಿದ ಹಾಗೆ ಊದು ಎಂದರೆ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಏದುಸಿರಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಮುಂಚೆಯೇ ಹೇಳಿಬಿಡಬೇಕು: ‘ಮೊದಲು ಉಸಿರು ಕಟ್ಟಿದ ಹಾಗೆ ಆಗುತ್ತೆ, ನೂರು ಎಣಿಸೋದ್ರೊಳಗೆ ಹೋಗುತ್ತೆ.’ ಏನಾಗುವುದೆಂದು ತಿಳಿದ ಮಗು ಅರ್ಧ ಹೆದರುವುದಿಲ್ಲ.

ಇನ್ನು ಆ ಸಾಲು. ಇಪ್ಪತ್ತು ಮಕ್ಕಳನ್ನು ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಲ್ಲಿಸಿ, ಒಬ್ಬೊಬ್ಬರಿಗೇ ಕಾಲು ಬಡಿಯಲು ಕಲಿಸುವ ಪದ್ಧತಿ ನನಗೆ ಅರ್ಥವಾಗುವುದೇ ಇಲ್ಲ. ಇಪ್ಪತ್ತನೆಯ ಮಗುವಿನ ಸರದಿ ಬರುವ ಹೊತ್ತಿಗೆ ಅದರ ಕೈಬೆರಳು ಮರಗಟ್ಟಿರುತ್ತದೆ. ನೀರಿನಲ್ಲಿದ್ದಷ್ಟು ಹೊತ್ತು ಆಟ, ಓಡಾಟ. ವಿವರಣೆಯೆಲ್ಲ ದಡದಲ್ಲಿ, ಟವೆಲ್ ಹೊದ್ದು. ಹೀಗೆ ಬದಲಿಸಲು ಒಂದು ರೂಪಾಯಿ ಖರ್ಚಿಲ್ಲ.

ಹಳಬರು ಇದನ್ನು ಓದಿ ನಗಬಹುದು. ‘ನಾವು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತವರು’ ಎಂದು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆದರೆ ತೋಟದ ಬಾವಿಯ ನೀರು ಬೇರೆ. ನೆಲದೊಳಗಿನ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ, ನಮ್ಮ ಕಡೆ 24-25 ಡಿಗ್ರಿ ಸುಮಾರಿಗೆ. ಚಳಿಗಾಲದ ಬೆಳಿಗ್ಗೆ ಬಾವಿಯಿಂದ ಹಬೆ ಏಳುವುದು ಅದಕ್ಕೇ. ಮೇಲಾಗಿ ಬಾವಿಯೊಳಗೆ ಗಾಳಿ ಬೀಸದು. ಸಿಮೆಂಟಿನ ತೆರೆದ ಕೊಳಕ್ಕೆ ಆ ಸುಖವಿಲ್ಲ. ಅಲ್ಲದೆ ಅವರು ಬಾವಿಗೆ ಹಾರುತ್ತಿದ್ದದ್ದು ನಡುಮಧ್ಯಾಹ್ನ, ಬೆವರಿಳಿಯುವಾಗ, ತಮಗೆ ಬೇಕೆನಿಸಿದಾಗ. ಆರು ಗಂಟೆಗೆ ಸೀಟಿ ಊದುವವರು ಯಾರೂ ಇರಲಿಲ್ಲ.

ನಮ್ಮಲ್ಲಿ ಕೆಲವರಿಗೆ ಇನ್ನೊಂದು ವಾದವಿದೆ: ಫಜ್ರ್ ನಮಾಜಿಗೆ ತಣ್ಣೀರಿನಲ್ಲಿ ವುಝೂ ಮಾಡುವ ಮಕ್ಕಳಿಗೆ ಕೊಳದ ಚಳಿ ಯಾವ ಲೆಕ್ಕ? ಈಜು ಕಲಿಯುವುದನ್ನು ಪ್ರವಾದಿ(ಸ) ವ್ಯರ್ಥವಲ್ಲದ ಆಟಗಳಲ್ಲಿ ಸೇರಿಸಿದ್ದಾರೆಂಬ ಹದೀಸ್ ಇದೆ, ಮಕ್ಕಳಿಗೆ ಈಜು ಕಲಿಸಿ ಎಂಬ ಮಾತು ಖಲೀಫಾ ಉಮರ್(ರ) ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕಷ್ಟದ ಹೊತ್ತಿನಲ್ಲೂ ವುಝೂ ಪೂರ್ಣವಾಗಿ ಮಾಡುವುದಕ್ಕೆ ದೊಡ್ಡ ಪ್ರತಿಫಲವಿದೆ. ಎಲ್ಲ ಸರಿ. ಆದರೆ ವುಝೂವಿನ ಕ್ರಮವನ್ನೇ ನೋಡಿ: ಮೊದಲು ಕೈ, ಆಮೇಲೆ ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆಗೆ ಒದ್ದೆ ಕೈ, ಕೊನೆಗೆ ಪಾದ. ತಣ್ಣೀರು ತುಂಡುತುಂಡಾಗಿ ಮೈಗೆ ಪರಿಚಯವಾಗುತ್ತದೆ. ಕೊಳಕ್ಕಿಳಿಯುವ ಮುನ್ನ ಕೈ, ಮುಖ, ಕತ್ತು ನೆನೆಸಿಕೊಳ್ಳಿ ಎಂದು ಈಜು ಬಲ್ಲವರು ಹೇಳುವುದೂ ಹೀಗೆಯೇ. ಇನ್ನು ಸಹಾಬಿ ಅಮ್ರ್ ಬಿನ್ ಆಸ್(ರ) ಅವರ ಪ್ರಸಂಗ ನಮಗೆ ಗೊತ್ತಿರುವುದೇ. ದಾತುಸ್ಸಲಾಸಿಲ್ ದಂಡಯಾತ್ರೆಯಲ್ಲಿ ಒಂದು ಕೊರೆಯುವ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಗಿತ್ತು. ಜೀವಕ್ಕೆ ಅಪಾಯ ತಂದುಕೊಳ್ಳಬಾರದೆಂಬ ಕುರ್‌ಆನಿನ ಆದೇಶವನ್ನು ನೆನೆದು ತಯಮ್ಮುಮ್ ಮಾಡಿ ನಮಾಜ್ ನಡೆಸಿದರು. ಸಂಗತಿ ಕೇಳಿ ಪ್ರವಾದಿ(ಸ) ನಕ್ಕರು, ಆಕ್ಷೇಪಿಸಲಿಲ್ಲ. ಸೈನ್ಯದ ನಾಯಕನಿಗೇ ಸಿಕ್ಕ ಆ ರಿಯಾಯಿತಿ ಏಳು ವರ್ಷದ ಮಗುವಿಗೆ ಸಿಗಬಾರದೆ?

‘ಹೀಗೆ ಮುದ್ದು ಮಾಡಿದರೆ ಈಜುಗಾರರು ಹುಟ್ಟುತ್ತಾರೆಯೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹುಟ್ಟುತ್ತಾರೆ. ಬೆಂಗಳೂರಿನ ನಿಶಾ ಮಿಲೆಟ್ ಐದನೇ ವಯಸ್ಸಿನಲ್ಲಿ ಮುಳುಗಿ ಬದುಕಿದವರು, 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು. 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಚಿಕ್ಕವಳಿದ್ದಾಗ ನೀರಿಗೆ ಕಾಲಿಡಲೂ ಒಪ್ಪುತ್ತಿರಲಿಲ್ಲವೆಂದು ತಾನೇ ಹೇಳಿಕೊಂಡಿದ್ದಾಳೆ. ಅಷ್ಟೇ ಅಲ್ಲ, ಜಗತ್ತಿನ ಅತಿ ಗಟ್ಟಿ ಈಜುಗಾರರು ಸ್ಪರ್ಧಿಸುವ ಕೊಳದ ನೀರು 25ರಿಂದ 28 ಡಿಗ್ರಿಯೊಳಗೆ ಇರಬೇಕೆಂದು ಅಂತರರಾಷ್ಟ್ರೀಯ ಈಜು ಸಂಸ್ಥೆಯ ನಿಯಮವೇ ಇದೆ. ಒಲಿಂಪಿಕ್ ಈಜುಗಾರರಿಗೆ ಕೊಡದ ಚಳಿಯನ್ನು ಒಂದನೇ ತರಗತಿಯ ಮಗುವಿಗೆ ಕೊಡುತ್ತೇವೆ, ಅದಕ್ಕೆ ಶಿಸ್ತು ಎಂದು ಹೆಸರಿಡುತ್ತೇವೆ.

ಬಟ್ಟೆಯ ವಿಚಾರದಲ್ಲಿ ನಮ್ಮ ಹೆಣ್ಣುಮಕ್ಕಳಿಗಾಗಿ ಒಂದು ಮಾತು. ಮೈ ಮುಚ್ಚಬೇಕೆಂದು ಹತ್ತಿಯ ಸಲ್ವಾರ್ ಕಮೀಜಿನಲ್ಲೇ ನೀರಿಗಿಳಿಸುವ ಮನೆಗಳಿವೆ. ಒದ್ದೆ ಹತ್ತಿ ಭಾರ, ಕಾಲಿಗೆ ಸುತ್ತಿಕೊಳ್ಳುತ್ತದೆ, ಹೊರಗೆ ಬಂದ ಮೇಲೆ ಆರುತ್ತಾ ಮೈಯ ಬಿಸಿ ಹೀರುತ್ತದೆ. ಅದೇ ಮೈಗೆ ಅಂಟಿ ಕೂರುವ ಉದ್ದ ತೋಳಿನ ಈಜುಡುಪು ಮರ್ಯಾದೆಗೂ ಸರಿ, ಚಳಿಗೂ ಸ್ವಲ್ಪ ತಡೆ. ಕಡಿಮೆ ಬೆಲೆಯದೂ ಸಿಗುತ್ತದೆ. ಎಣ್ಣೆ ಹಚ್ಚಿದರೆ ಚಳಿ ತಾಗದು ಎಂಬ ನಂಬಿಕೆಗೆ ಮಾತ್ರ ಆಧಾರ ಕಡಿಮೆ. 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಾಹಾ ದಾಟಿದ ಇಂಗ್ಲಿಷ್ ಕಾಲುವೆಯಲ್ಲಿ ಈಜುಗಾರರು ಗ್ರೀಸ್ ಬಳಿಯುವ ರೂಢಿಯಿದೆ. ಅದು ಮುಖ್ಯವಾಗಿ ಚರ್ಮ ಉಜ್ಜಿ ಗಾಯವಾಗದಿರಲಿ ಎಂದು. ನಮ್ಮ ಕೊಳದಲ್ಲಿ ಕೊಬ್ಬರಿ ಎಣ್ಣೆ ಮೆಟ್ಟಿಲು ಜಾರಿಸುತ್ತದೆ, ಅಷ್ಟೇ.

ಹೊರಗೆ ಬಂದ ಮೇಲಿನ ಹತ್ತು ನಿಮಿಷವನ್ನು ಯಾರೂ ಗಮನಿಸುವುದಿಲ್ಲ. ಒಂದು ಗ್ರಾಂ ನೀರು ಚರ್ಮದ ಮೇಲೆ ಆರಲು ಸುಮಾರು 2,400 ಜೂಲ್ ಶಾಖ ಬೇಕು. ಕೂದಲು, ಬಟ್ಟೆ ಸೇರಿ ನೂರು ಗ್ರಾಂ ನೀರೆಂದರೂ 240 ಕಿಲೋಜೂಲ್. ಅದೆಲ್ಲ ಮೈಯಿಂದಲೇ ಬರುವುದಿಲ್ಲ, ಗಾಳಿಯೂ ಕೊಡುತ್ತದೆ. ಆದರೂ ಒದ್ದೆ ಚಡ್ಡಿಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೆದ್ದಾರಿಯ ಗಾಳಿಗೆ ಮಗುವನ್ನು ಒಯ್ಯುವವರು ಈ ಸಂಖ್ಯೆ ನೆನಪಿಡಲಿ. ತಲೆ ಒರೆಸಿ, ಒದ್ದೆ ತೆಗೆದು, ಒಣ ಬಟ್ಟೆ, ಟೋಪಿ, ಸಾಕ್ಸ್ ಹಾಕಿ, ಬಿಸಿ ಹಾಲೋ ರಾಗಿ ಅಂಬಲಿಯೋ ಕುಡಿಸಿ ಹೊರಡಿ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ, ಆದ್ದರಿಂದ ಸುಡುನೀರು ಸುರಿಯುವುದು ಬೇಡ. ತುಟಿ ನೀಲಿಯಾದರೆ ತರಬೇತಿ ಅಲ್ಲಿಗೆ ಮುಗಿಯಿತು. ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ಬಾರದಿದ್ದರೆ, ನಡುಕ ನಿಂತು ಮಗು ಮಂಕಾದರೆ, ಬೆಚ್ಚಗೆ ಹೊದಿಸಿ ವೈದ್ಯರಲ್ಲಿಗೆ. ಉಬ್ಬಸವಿರುವ ಮಕ್ಕಳ ವಿಷಯವನ್ನು ಮೊದಲ ದಿನವೇ ತರಬೇತುದಾರರಿಗೆ ಹೇಳಿರಬೇಕು. ತಂಗಾಳಿಗೂ ಕ್ಲೋರಿನ್‌ಗೂ ಉಬ್ಬಸ ಕೆರಳುವುದುಂಟು.

ರಂಜಾನ್ ಈಗ ಫೆಬ್ರವರಿ, ಮಾರ್ಚ್ ಕಡೆಗೆ ಸರಿದಿದೆ, ಇನ್ನೂ ಕೆಲವು ವರ್ಷ ಚಳಿಗಾಲದ ಕಡೆಗೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ, ಆದರೂ ಹಟ ಹಿಡಿದು ಮಾಡುತ್ತಾರೆ. ಹಸಿದ ಮೈ ತಣ್ಣೀರಿನಲ್ಲಿ ಹೆಚ್ಚು ಹೊತ್ತು ತಾಳದು. ಶಿಬಿರವನ್ನು ಈದ್ ಆದ ಮೇಲೆ ಶುರುಮಾಡಿದರೆ ಉಪವಾಸವೂ ಕೆಡುವುದಿಲ್ಲ, ನೀರೂ ಬೆಚ್ಚಗಾಗಿರುತ್ತದೆ.

ನಾನು ಕೇಳುವುದು ಎರಡೇ. ಮೊದಲ ಎರಡು ವಾರ ಚಿಕ್ಕವರ ತಂಡವನ್ನು ಬೆಳಿಗ್ಗೆ ಆರರ ಬದಲು ಸಂಜೆ ನಾಲ್ಕಕ್ಕೆ ಇಡಲಿ. ದಿನವಿಡೀ ಬಿಸಿಲು ಕುಡಿದ ನೀರು ಆಗ ಅತಿ ಬೆಚ್ಚಗಿರುತ್ತದೆ. ಬೆಳಿಗ್ಗೆ ಬೇಕಾದರೆ ದೊಡ್ಡವರಾದ ನಾವು ಇಳಿಯೋಣ. ಎರಡನೆಯದು ಒಂದು ಥರ್ಮಾಮೀಟರ್. ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿರುವಂಥದ್ದೇ ಸಾಕು, ಪಾದರಸದ್ದು ಬೇಡ, ಒಡೆದರೆ ಕಷ್ಟ. ಅದನ್ನು ದಿನಾ ಮೊಣಕೈ ಆಳಕ್ಕೆ ಇಳಿಸಿ ನೋಡಿ, ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದ ಹಲಗೆಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಆ ದಿನದ ಡಿಗ್ರಿ ಬರೆಯುವ ಕೆಲಸವನ್ನು ಯಾವ ಮಗು ಹೆಚ್ಚು ಹೆದರುತ್ತದೋ ಅದಕ್ಕೇ ಕೊಡಲಿ.