ಚಿನ್ನದ ಲೇಪನದ ಕನೆಕ್ಟರ್ ಹಾಕಿದರೆ ಸಿಗ್ನಲ್ ದುಪ್ಪಟ್ಟಾಗುತ್ತದೆಯೇ?

ಮಲೆನಾಡಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ ಮನೆಗಳು ಇನ್ನೂ ಸಾಕಷ್ಟಿವೆ. ಅಂಥ ಕಡೆ ಕೆಲವರು ಮಾಡಿನ ಮೇಲೆ ಆ್ಯಂಟೆನಾ ನಿಲ್ಲಿಸಿ, ಕೇಬಲ್ ಎಳೆದು 4ಜಿ ರೌಟರ್‌ಗೆ ಜೋಡಿಸುತ್ತಾರೆ. ಇವರಿಗೆ ಸಲಹೆಗಳೂ ಧಾರಾಳ: ಕೇಬಲ್ ಎಷ್ಟು ಉದ್ದವಿದ್ದರೂ ಪರವಾಗಿಲ್ಲ, ಚಿನ್ನದ ಲೇಪನದ ಕನೆಕ್ಟರ್ ಹಾಕಿದರೆ ಸಿಗ್ನಲ್ ದುಪ್ಪಟ್ಟು! ಫಾರ್ವರ್ಡ್ ಮಾಡುವ ಮುನ್ನ, ಮುಖ್ಯವಾಗಿ ದುಡ್ಡು ಕೊಡುವ ಮುನ್ನ, ಇದನ್ನು ನೋಡೋಣ.

ಕೇಬಲ್ ಆಗಲಿ ಕನೆಕ್ಟರ್ ಆಗಲಿ ಸಿಗ್ನಲ್ ಹೆಚ್ಚಿಸುವುದಿಲ್ಲ. ಎರಡೂ ಕಳೆಯುವಂಥವೇ. ಎಷ್ಟು ಕಳೆಯುತ್ತವೆ ಎಂಬುದಷ್ಟೇ ಪ್ರಶ್ನೆ.

ಸುಲಭವಾಗಿ ಸಿಗುವ ಆರ್‌ಜಿ-58 ಕೇಬಲ್ ಸುಮಾರು 5 ಮಿ.ಮೀ. ದಪ್ಪ. 4ಜಿ ಬಳಸುವ 2300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಇದು ಮೀಟರಿಗೆ ಹೆಚ್ಚುಕಡಿಮೆ 1 ಡೆಸಿಬಲ್ ನುಂಗುತ್ತದೆ. 10 ಮೀಟರಿಗೆ 10 ಡೆಸಿಬಲ್. ಅಂದರೆ ಆ್ಯಂಟೆನಾ ಹಿಡಿದ ಶಕ್ತಿಯ ಹತ್ತನೇ ಒಂದು ಭಾಗ ಮಾತ್ರ ರೌಟರ್ ತಲುಪುತ್ತದೆ. ‘10 ಡಿಬಿ ಗೇನ್’ ಎಂದು ಹಣ ಕೊಟ್ಟು ತಂದ ಆ್ಯಂಟೆನಾದ ಲಾಭ ಅಲ್ಲಿಗೆ ಸೊನ್ನೆ. ಎತ್ತರದಿಂದ ಸಿಕ್ಕಿದ್ದು ಉಳಿದರೆ ಪುಣ್ಯ. 10 ಮಿ.ಮೀ. ದಪ್ಪದ ಎಲ್‌ಎಂಆರ್-400 ಆದರೆ ಅದೇ ದೂರಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಬೆಲೆ ಜಾಸ್ತಿ, ಬಗ್ಗಿಸುವುದೂ ಕಷ್ಟ.

ಆವರ್ತನ ಏರಿದಷ್ಟೂ ಈ ನಷ್ಟ ಏರುತ್ತದೆ. ಡಿಟಿಎಚ್ ಡಿಶ್‌ನ ಮುಂದೆ ಎಲ್‌ಎನ್‌ಬಿ ಡಬ್ಬಿ ಇರುವುದು ಇದೇ ಕಾರಣಕ್ಕೆ. 10 ಗಿಗಾಹರ್ಟ್ಸ್‌ಗೂ ಮೇಲಿನ ಸಿಗ್ನಲ್ಲನ್ನು ಅದು ಅಲ್ಲೇ ವರ್ಧಿಸಿ, 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ.

ಇನ್ನು ಚಿನ್ನ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿ, ತಾಮ್ರ ಎರಡೂ ಚಿನ್ನಕ್ಕಿಂತ ಮುಂದು. ಆದರೆ ಚಿನ್ನ ಕಿಲುಬು ಹಿಡಿಯುವುದಿಲ್ಲ, ಅದಕ್ಕೇ ತೆಳುವಾಗಿ ಲೇಪಿಸುತ್ತಾರೆ. ಸರಿಯಾಗಿ ಕೂರಿಸಿದ ಸ್ವಚ್ಛ ಕನೆಕ್ಟರ್‌ನಲ್ಲಿ ಆಗುವ ನಷ್ಟವೇ ಅತ್ಯಲ್ಪ. ಅಲ್ಲಿ ಉಳಿಸಿ ದುಪ್ಪಟ್ಟು ಮಾಡಲು ಏನಿದೆ? ನಿಜವಾದ ಶತ್ರು ಮಳೆ. ಜೋಡಣೆಯೊಳಗೆ ನೀರು ಹೊಕ್ಕರೆ ಕೇಬಲ್‌ನೊಳಗಿನ ಹೆಣೆದ ತಂತಿ ದೀಪದ ಬತ್ತಿಯಂತೆ ಅದನ್ನು ಹೀರಿಕೊಳ್ಳುತ್ತದೆ. ಹೊರಗಿನ ಜೋಡಣೆಗೆ ನೀರು ಇಳಿಯದ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಗೋಡೆಯೊಳಗೆ ತರುವ ಮುನ್ನ ಕೇಬಲನ್ನು ಸ್ವಲ್ಪ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಎಡವುವುದು ಬೇರೆ ಕಡೆ. 4ಜಿ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಎಸ್‌ಎಂಎ ಕನೆಕ್ಟರ್ ಇರುತ್ತದೆ, ವೈಫೈ ಆ್ಯಂಟೆನಾಗಳಲ್ಲಿ ಆರ್‌ಪಿ-ಎಸ್‌ಎಂಎ. ಥ್ರೆಡ್ ಒಂದೇ, ನಡುವಿನ ಪಿನ್ ಮಾತ್ರ ಅದಲುಬದಲು. ತಿರುಗಿಸಿದರೆ ಗಟ್ಟಿಯಾಗಿ ಕೂರುತ್ತದೆ. ಒಳಗೆ ತೂತಿಗೆ ತೂತು ಎದುರಾಗಿ ಸಂಪರ್ಕವೇ ಇರುವುದಿಲ್ಲ. ಜನ ಮನಬಂದ ಆ್ಯಂಟೆನಾ ಹಾಕದಿರಲೆಂದು ಅಮೆರಿಕದ ಎಫ್‌ಸಿಸಿ ವಿಶಿಷ್ಟ ಕನೆಕ್ಟರ್ ಕಡ್ಡಾಯ ಮಾಡಿದ್ದರಿಂದ ಬಳಕೆಗೆ ಬಂದ ವಿನ್ಯಾಸ ಇದು. ಈಗ ಎಲ್ಲ ಕಡೆ ಸಿಗುವುದರಿಂದ ತಡೆ ಹೋಗಿ ಗೊಂದಲವಷ್ಟೇ ಉಳಿದಿದೆ. ಕೊಳ್ಳುವ ಮುನ್ನ ಫೋಟೊದಲ್ಲಿ ಪಿನ್ ಇದೆಯೇ ನೋಡಿ.

ದೂರ ಜಾಸ್ತಿಯಿದ್ದು, ಮೇಲೆ ಕರೆಂಟಿನ ವ್ಯವಸ್ಥೆ ಇದ್ದರೆ, ರೌಟರನ್ನೇ ಆ್ಯಂಟೆನಾ ಪಕ್ಕ, ಮಳೆ ತಾಗದ ಅಟ್ಟದಲ್ಲಿಡಿ. ಅಲ್ಲಿಂದ ಕೆಳಕ್ಕೆ ಲ್ಯಾನ್ ಕೇಬಲ್ ಎಳೆಯಿರಿ. ಅದನ್ನು 100 ಮೀಟರ್‌ವರೆಗೂ ಎಳೆಯಬಹುದು.