ಹಳ್ಳಿಯ ಸಭೆಯೂ ಮನೆತನದ ನೆನಪೂ

ರಾಜರ ವಂಶಾವಳಿಯನ್ನು ನಮ್ಮ ಬಾಲಿಕೆಯರು ತಡೆಯಿಲ್ಲದೆ ಒಪ್ಪಿಸುವರು. ಮುತ್ತಜ್ಜಿಯ ಹೆಸರೇನೆಂದು ಕೇಳಿದರೆ ಸುಮ್ಮನಾಗುವರು. ಇದು ಮಕ್ಕಳ ದೋಷವಲ್ಲ. ಮನೆತನದ ಚರಿತ್ರೆಯು ದೊಡ್ಡ ಮನೆಗಳಿಗೆ ಮಾತ್ರ ಸಲ್ಲತಕ್ಕುದೆಂಬ ಭಾವನೆಯು ಹಿರಿಯರಲ್ಲಿ ಬೇರೂರಿದೆ. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಪ್ರತಿಯೊಂದು ಸಭೆಯೂ ದೀಕ್ಷಾಸ್ನಾನ, ವಿವಾಹ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಆ ಪುಸ್ತಕಗಳಲ್ಲಿ ಜಮೀನ್ದಾರನೂ ಕೂಲಿಯವನೂ ಒಂದೇ ಪುಟದಲ್ಲಿರುವರು. ಸೆಲ್‌ಬೋರ್ನ್ ಎಂಬ ಚಿಕ್ಕ ಹಳ್ಳಿಯ ಪಾದ್ರಿಗಳಾದ ಗಿಲ್ಬರ್ಟ್ ವೈಟರು ತಮ್ಮ ಊರಿನ ಪಕ್ಷಿಗಳನ್ನೂ ಪುರಾತನ ಸಂಗತಿಗಳನ್ನೂ ಕುರಿತು ಬರೆದ ಗ್ರಂಥವು 1789ರಿಂದ ಇಂದಿನವರೆಗೂ ಓದಲ್ಪಡುತ್ತಿದೆ.

ನಮ್ಮ ಸೀಮೆಯ ಹಳ್ಳಿಯ ಸಭೆಗಳಿಗೂ ಹೇಳತಕ್ಕ ಕಥೆಯುಂಟು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯವು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ತಲೆಯೆತ್ತುತ್ತದೆ. ಪ್ರವಾಸಿಗಳು ಪಾಳುಗೋಡೆಯ ಚಿತ್ರ ತೆಗೆದುಕೊಳ್ಳುವರು. ಅಲ್ಲಿ ಮದುವೆಯಾದವರು ಯಾರು, ಅವರ ಮಕ್ಕಳೆಲ್ಲಿಗೆ ಹೋದರು ಎಂದು ಕೇಳುವವರು ವಿರಳ. ಗೋಡೆ ಬಿದ್ದರೆ ಕಟ್ಟಬಹುದು. ಮರೆತ ಹೆಸರನ್ನು ಕಟ್ಟಲಾಗದು.

ಕೆಲವರು ಸಂಕೋಚಪಡುವುದೂ ಉಂಟು. 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿಯಿತು. ಆಗ ತಬ್ಬಲಿಗಳಾದ ಅನೇಕ ಮಕ್ಕಳು ಮಿಷನ್ ಅನಾಥಾಲಯಗಳಲ್ಲಿ ಬೆಳೆದರು. ಅಂಥ ಮನೆಗಳಲ್ಲಿ ವಂಶದ ಮೊದಲ ಹೆಸರೇ ಅನಾಥಾಲಯದ ಪುಸ್ತಕದಲ್ಲಿರುವುದು. ಇದರಲ್ಲಿ ನಾಚಿಕೆಗೆ ಕಾರಣವೇನು? ಹಸಿವನ್ನು ಗೆದ್ದು ಬದುಕಿದ ಮಗುವಿಗಿಂತ ಯೋಗ್ಯನಾದ ಮೂಲಪುರುಷನು ಯಾವ ಅರಸನಿಗೂ ಇಲ್ಲ.

ಪೂರ್ವಿಕರನ್ನು ಕೆದಕಿದರೆ ಹಳೆಯ ಜಾತಿಯ ಮಾತು ಮೇಲೆದ್ದೀತೆಂದು ಅಂಜುವವರೂ ಇದ್ದಾರೆ. ಮುಚ್ಚಿಟ್ಟ ಮಾತ್ರಕ್ಕೆ ಆ ಮಾತು ಅಡಗದು. ಪರರ ಬಾಯಲ್ಲಿ ನಿಂದೆಯಾಗಿ ತಿರುಗುವುದು. ನಮ್ಮ ಕೈಯಿಂದಲೇ ಬರೆದ ಸತ್ಯವು ಅದಕ್ಕಿಂತ ಮೇಲು.

ಈ ಕಾರ್ಯವು ವಿಶೇಷವಾಗಿ ಹೆಣ್ಣುಮಕ್ಕಳದು. ಗಂಡಸರ ಹೆಸರು ಪಹಣಿಯಲ್ಲಿಯೂ ಸಮಾಧಿಯ ಕಲ್ಲಿನಲ್ಲಿಯೂ ಉಳಿಯುವುದು. ಹೆಂಗಸು ಮದುವೆಯಾಗಿ ಊರು ಬಿಟ್ಟೊಡನೆ 'ಇಂಥವರ ಹೆಂಡತಿ' ಆಗಿಬಿಡುವಳು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಬರುವ ರಜೆಯಲ್ಲಿ ಒಂದು ನೋಟ್‌ಬುಕ್ಕನ್ನು ಹಿಡಿದು ಅಜ್ಜಿಯ ಬಳಿ ಕುಳಿತುಕೊಳ್ಳಿರಿ. ಅವರ ತಾಯಿಯ ಹೆಸರು, ತವರೂರು, ಅಕ್ಷರ ಕಲಿಸಿದವರು ಯಾರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಬೋಧಕರ ಅಪ್ಪಣೆ ಪಡೆದು ಸಭೆಯ ಪುಸ್ತಕವನ್ನು ನೋಡಿ ವರುಷಗಳನ್ನು ಸರಿಪಡಿಸಿರಿ. ಪೋಷಕರೂ ಇದಕ್ಕೆ ನೆರವಾಗಲಿ.

ಗೆದ್ದಲು ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ವೃದ್ಧರ ಆಯುಷ್ಯವೂ ಕಾಯುವುದಿಲ್ಲ.